ಹೋಗುವವರ ಹಿಂದೆ ನೀರು

ನಮ್ಮ ಓದುಗರ ಬಳಗ ಇರಾಕಿನ ಕಾದಂಬರಿಯೊಂದನ್ನು ಆರಿಸಿಕೊಂಡದ್ದು ಹೇಗೆ ಎಂದು ಈಗ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ದಿನಚರಿಯಲ್ಲಿ ಅದು ನನ್ನ ಸಲಹೆ ಎಂದಿದೆ. ಬರೆದವಳು ನಾನೇ ಆದ್ದರಿಂದ ಆ ಸಾಕ್ಷಿಯನ್ನು ಪೂರ್ತಿ ನಂಬುವಂತಿಲ್ಲ. ಬಳಗದಲ್ಲಿರುವ ಮಂಗಳೂರಿನ ದಂತವೈದ್ಯೆ, ಮೊದಲು ಹೇಳಿದ್ದು ತಾವು ಎನ್ನುತ್ತಾರೆ. ಇರಬಹುದು. ದುಬೈ ಮತ್ತು ಅಬುಧಾಬಿಯಲ್ಲಿ ನೆಲೆಸಿದ ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಯಾರದಾದರೂ ಫ್ಲ್ಯಾಟಿನಲ್ಲಿ ಸೇರಿ ಪುಸ್ತಕದ ಬಗ್ಗೆ ಸ್ವಲ್ಪ ಹೊತ್ತು, ಊಟದ ಬಗ್ಗೆ ಬಹಳ ಹೊತ್ತು ಮಾತಾಡುತ್ತೇವೆ. ಆ ಸಲ ದೇಶ ಬಿಟ್ಟವರ ಕಥೆ ಓದಬೇಕೆಂದು ಎಲ್ಲರಿಗೂ ಅನಿಸಿತ್ತು.

"ನಾವೂ ಊರು ಬಿಟ್ಟೋರೇ ಅಲ್ವಾ," ಎಂದರು ಐಟಿ ಕಂಪನಿಯೊಂದರಲ್ಲಿರುವ ಮೈಸೂರಿನವರು. ಅವರು ಆ ವಾರವಷ್ಟೇ ಮೈಸೂರಿಗೆ ಹೋಗಿ, ತಂಗಿಯ ಮನೆಯ ಗೃಹಪ್ರವೇಶ ಮುಗಿಸಿ, ಒಂದು ಸೂಟ್‌ಕೇಸ್ ತುಂಬ ಕೋಡುಬಳೆ ತಂದಿದ್ದರು. ಅದನ್ನು ತಿನ್ನುತ್ತಲೇ ನಾವೆಲ್ಲ ಹೌದೆಂದು ತಲೆಯಾಡಿಸಿದೆವು.

ಕಾದಂಬರಿ ಇಂಗ್ಲಿಷಿಗೆ ಅನುವಾದವಾಗಿತ್ತು. ಬಗ್ದಾದಿನ ಒಂದು ಕುಟುಂಬದ ಮಕ್ಕಳು ಒಬ್ಬೊಬ್ಬರಾಗಿ ಬೇರೆ ಬೇರೆ ದೇಶಗಳಿಗೆ ಚದುರಿ ಹೋಗುವ ಕಥೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳೆಂಬ ಕಾರಣಕ್ಕೆ ಅದರ ಬಗ್ಗೆ ಮಾತಾಡುವ ಕೆಲಸ ನನಗೆ ಬಂತು. ಇಂಥ ಕೆಲಸ ಬಂದಾಗ ನಾನು ಬೇಡ ಬೇಡ ಎನ್ನುತ್ತ ಆಗಲೇ ಟಿಪ್ಪಣಿ ಮಾಡಲು ಶುರುಮಾಡಿರುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಒಂದು ದೃಶ್ಯ. ಕೊನೆಯ ಮಗ ಮನೆ ಬಿಟ್ಟು ಹೊರಡುತ್ತಾನೆ. ಕಾರು ಹೊರಟ ಕೂಡಲೇ ತಾಯಿ ಒಂದು ಬೋಗುಣಿಯಲ್ಲಿ ನೀರು ತಂದು ಬಾಗಿಲ ಮೆಟ್ಟಿಲ ಮೇಲೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ. ಲೇಖಕರು ಒಂದು ಮಾತೂ ವಿವರಿಸಿರಲಿಲ್ಲ. ಅನುವಾದಕರೂ ಅಡಿಟಿಪ್ಪಣಿ ಕೊಟ್ಟಿರಲಿಲ್ಲ. ಹೆಣ ಎತ್ತಿದ ಮೇಲೆ ಹೊಸ್ತಿಲು ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದವಳಿಗೆ ಅಡಿಟಿಪ್ಪಣಿ ಬೇರೆ ಬೇಕೆ? ದೇಶ ಬಿಟ್ಟು ಹೋದ ಮಗನ ಪಾಲಿಗೆ ತಾಯಿ ಎಳ್ಳುನೀರು ಬಿಟ್ಟಿದ್ದಾಳೆ. ನನ್ನ ಪಾಲಿಗೆ ನೀನು ಸತ್ತೆ ಎನ್ನುತ್ತಿದ್ದಾಳೆ.

ಆ ತಿಂಗಳ ಸಭೆ ಅಬುಧಾಬಿಯ ಮುಸಫಾದಲ್ಲಿ, ಬಾಗಲಕೋಟೆ ಕಡೆಯ ಎಂಜಿನಿಯರರ ಮನೆಯಲ್ಲಿತ್ತು. ಆ ಒಂದು ಬೋಗುಣಿ ನೀರಿನ ಮೇಲೆ ನಾನು ಬಹಳ ಹೊತ್ತು ಮಾತಾಡಿದೆ. ತಾಯ್ನಾಡಿನ ಸಿಟ್ಟು, ಹೊಸ್ತಿಲು ಎಂಬ ಗಡಿ, ಬದುಕಿರುವವರಿಗೇ ಮಾಡುವ ಸಂಸ್ಕಾರ. ಮುಂದಿನ ಪುಟಗಳಲ್ಲಿ ಅದೇ ತಾಯಿ ದಿನಾ ಸಂಜೆ ಕಿಟಕಿಯ ಹತ್ತಿರ ಕೂತು ರಸ್ತೆ ನೋಡುತ್ತಾಳೆ. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು: ಪಶ್ಚಾತ್ತಾಪ. ದಂತವೈದ್ಯೆ ಕಣ್ಣೊರೆಸಿಕೊಂಡರು. ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾದ ತಮ್ಮ ಚಿಕ್ಕಪ್ಪನ ಹೆಸರನ್ನು ಅಜ್ಜಿ ಸಾಯುವ ತನಕ ಎತ್ತಲಿಲ್ಲ ಎಂದು ಹೇಳಿದರು. ಎಂಜಿನಿಯರರು ತಮ್ಮ ಓಣಿಯಲ್ಲಿ ನಡೆದ ಇಂಥದ್ದೇ ಒಂದನ್ನು ಹೇಳಿದರು. ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿದರು: ಎಷ್ಟು ನಮ್ಮದೇ ಅನಿಸುತ್ತದೆ, ಅಲ್ಲವಾ. ಇರಾಕಾದರೇನು, ಇಂಡಿಯಾ ಆದರೇನು. ಆಮೇಲೆ ಊಟಕ್ಕೆ ಎದ್ದೆವು. ಅಷ್ಟು ಒಮ್ಮತದ ಸಭೆ ಅದಕ್ಕಿಂತ ಮುಂಚೆ ಆಗಿರಲಿಲ್ಲ.

ಊಟದ ಹೊತ್ತಿಗೆ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ನಮ್ಮ ಎದುರು ಫ್ಲ್ಯಾಟಿನಲ್ಲೇ ಬಗ್ದಾದಿನ ಒಬ್ಬ ಹೆಂಗಸಿದ್ದಾರೆ, ಮುಂದಿನ ಸಭೆಗೆ ಅವರನ್ನೇ ಕರೆತರುತ್ತೇನೆ ಎಂದುಬಿಟ್ಟೆ. ಎಲ್ಲರಿಗೂ ಖುಷಿಯಾಯಿತು. ಕಾದಂಬರಿಯೊಳಗಿಂದ ಒಬ್ಬರು ಎದ್ದು ಬಂದು ನಮ್ಮ ಜೊತೆ ಚಿತ್ರಾನ್ನ ತಿನ್ನುವುದೆಂದರೆ ಸಾಮಾನ್ಯವೇ.

ಎದುರು ಮನೆಯವರ ವಿಷಯ ಇಲ್ಲಿ ಹೇಳಬೇಕು. ನಾವಿರುವುದು ದುಬೈಯ ಅಲ್ ಕುಸೈಸಿನಲ್ಲಿ. ಹಿಂದೆ ಒಂದು ಇಂಡಿಯನ್ ಸ್ಕೂಲು, ಮುಂದೆ ಒಂದು ಸೂಪರ್‌ಮಾರ್ಕೆಟ್ಟು. ಅವರು ಎದುರು ಬಾಗಿಲಿಗೆ ಬಂದು ಆರೇಳು ವರ್ಷವಾಗಿತ್ತು. ಅರವತ್ತು ದಾಟಿದವರು. ಬಗ್ದಾದಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದವರು. ಅಲ್ಲಿಂದ ಅಮ್ಮಾನಿಗೆ ಹೋಗಿ, ಗಂಡ ಅಲ್ಲೇ ತೀರಿಕೊಂಡು, ಮಗನ ಕೆಲಸದ ಬೆನ್ನು ಹತ್ತಿ ಶಾರ್ಜಾಕ್ಕೆ, ಆಮೇಲೆ ಇಲ್ಲಿಗೆ ಬಂದಿದ್ದರು. ಅವರ ಕಡೆ ಹೆಂಗಸರನ್ನು ಹಿರಿಯ ಮಗನ ಹೆಸರು ಹಿಡಿದು ಇಂಥವನ ತಾಯಿ ಎಂದು ಕರೆಯುವುದು ವಾಡಿಕೆ. ಮೊದಲ ವಾರದಲ್ಲೇ ನನ್ನ ಅತ್ತೆಯನ್ನೂ ಹಾಗೆಯೇ, ನನ್ನ ಗಂಡನ ಹೆಸರಿಗೆ ಮೊದಲು ಉಮ್, ಅಂದರೆ ತಾಯಿ, ಎಂದು ಸೇರಿಸಿ ಕರೆಯಲು ಶುರುಮಾಡಿದರು. ನಮ್ಮ ಊರಲ್ಲೂ ಅತ್ತೆಗೆ ಅದೇ ಹೆಸರು. ಸ್ವಂತ ಹೆಸರಿನಿಂದ ಅವರನ್ನು ಯಾರಾದರೂ ಕರೆದದ್ದು ನಾನು ಕೇಳಿಲ್ಲ. ಅತ್ತೆಗೆ ಬಹಳ ಹಿಡಿಸಿತು. ದುಬೈಯಲ್ಲಿ ತಮ್ಮನ್ನು ಸರಿಯಾಗಿ ಕರೆಯುವವರು ಒಬ್ಬರಾದರೂ ಸಿಕ್ಕರು ಎಂದರು. ಅದನ್ನು ನನ್ನ ಮುಖ ನೋಡಿಯೇ ಹೇಳಿದರು.

ಇಬ್ಬರ ನಡುವೆ ಇದ್ದ ಭಾಷೆ ಹಿಂದಿ ಎಂದು ಹೇಳಬಹುದು. ಅತ್ತೆಯದು ಹುಬ್ಬಳ್ಳಿಯ ಸಂತೆಯ ಹಿಂದಿ. ಅವರದು ಬಗ್ದಾದಿನ ಟಾಕೀಸುಗಳಲ್ಲಿ ಕಲಿತದ್ದು. ಹುಡುಗಿಯಾಗಿದ್ದಾಗ ನೋಡಿದ ಸಿನಿಮಾಗಳಿಂದ ಪ್ರೀತಿ, ಸೇಡು, ತಾಯಿಯ ಆಣೆ ಇಂಥ ಶಬ್ದಗಳು ಬರುತ್ತಿದ್ದವು, ಬದನೆಕಾಯಿಗೆ ಏನನ್ನುತ್ತಾರೆ ಎಂಬುದು ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಇಬ್ಬರೂ ನಮ್ಮ ಸೋಫಾದ ಮೇಲೆ ಕೂತು ಹಳೇ ಹಿಂದಿ ಸಿನಿಮಾ ನೋಡುತ್ತಿದ್ದರು. ತಟ್ಟೆಗಳು ಓಡಾಡುತ್ತಿದ್ದವು. ಬಂದ ತಟ್ಟೆಯನ್ನು ಖಾಲಿ ಕಳಿಸಬಾರದೆಂಬ ನಿಯಮ ಎರಡೂ ಮನೆಗಳಲ್ಲಿತ್ತು. ಅದರಿಂದಾಗಿ ಶೇಂಗಾ ಹೋಳಿಗೆ ಹೋದದ್ದಕ್ಕೆ ಖರ್ಜೂರ ತುಂಬಿದ ಕ್ಲೇಚಾ ಬಿಸ್ಕತ್ತು ಬಂದು, ಅದಕ್ಕೆ ಮತ್ತೆ ಏನಾದರೂ ಹೋಗಿ, ಒಮ್ಮೆ ಶುರುವಾದದ್ದು ನಿಲ್ಲುವುದಕ್ಕೆ ಯಾರಾದರೂ ಹುಷಾರು ತಪ್ಪಬೇಕಿತ್ತು.

ಜಗಳವಾದದ್ದು ಒಂದೇ ವಿಷಯಕ್ಕೆ. ಮೆಂತ್ಯ, ಅರಿಸಿನ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯನ್ನು ಅವರು ಅಂಬಾ ಎನ್ನುತ್ತಾರೆ. ಅದು ಬಗ್ದಾದಿನ ತಿನಿಸು, ಹೊರಗಿನವರಿಗೆ ಅದರ ಮರ್ಮ ಗೊತ್ತಿಲ್ಲ ಎಂದು ಒಂದು ದಿನ ಹೇಳಿದರು. ಅತ್ತೆ ಅಡುಗೆಮನೆಗೆ ಹೋಗಿ ನಮ್ಮ ಭರಣಿಯನ್ನೇ ತಂದು ಅವರ ಮುಂದೆ ಇಟ್ಟರು. ಬಗ್ದಾದಿನಲ್ಲಿ ಮಾವಿನಮರ ಎಲ್ಲಿದೆ ತೋರಿಸಲಿ ಎಂದು ನನಗೆ ಅನುವಾದ ಮಾಡಲು ಹೇಳಿದರು. ಅವರು ರುಚಿ ನೋಡಿ, ಚೆನ್ನಾಗಿದೆ, ಆದರೆ ಇದು ಅಂಬಾ ಅಲ್ಲ ಎಂದರು. ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಟೀವಿಯಲ್ಲಿ ಇಬ್ಬರಿಗೂ ಬೇಕಾದ ಸಿನಿಮಾ ಬಂತು.

ಅವರನ್ನು ಸಭೆಗೆ ಕರೆಯಲು ನಾನು ಹೋದ ದಿನ ಸಣ್ಣ ಗಾಜಿನ ಲೋಟದಲ್ಲಿ ಕಡುಗಪ್ಪು ಚಹಾ ಕೊಟ್ಟರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ; ನಾನು ಪೀಠಿಕೆಯಾಗಿ ಕಾದಂಬರಿಯ ಕಥೆ ಹೇಳಿದೆ. ಅವರಿಗೆ ಅದು ಗೊತ್ತಿತ್ತು, ಓದಿರಲಿಲ್ಲ. ತಮ್ಮ ದೇಶದವರು ಪರದೇಶದಲ್ಲಿ ಕೂತು ಬರೆಯುವ ಕಾದಂಬರಿಗಳನ್ನು ತಾವು ಓದುವುದಿಲ್ಲ ಎಂದರು.

"ಅವರೆಲ್ಲ ಬಗ್ದಾದಿನ ಪ್ರತಿ ಮನೆಗೂ ಒಂದು ಅಂಗಳ, ಅಂಗಳಕ್ಕೊಂದು ಕಿತ್ತಳೆ ಮರ ಕೊಟ್ಟಿದ್ದಾರೆ. ನಾವಿದ್ದದ್ದು ಮೂರನೇ ಮಹಡಿ, ಬ್ಯಾಂಕಿನ ಕ್ವಾರ್ಟರ್ಸು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು."

ನಾನು ನಕ್ಕೆ. ನಮ್ಮ ಬಳಗದ ಮೈಸೂರಿನವರು ನೆನಪಿಗೆ ಬಂದರು. ನಾನು ಅವರನ್ನು ಬಲ್ಲಷ್ಟು ಕಾಲದಲ್ಲೇ ಅವರು ಹುಟ್ಟಿದ ಮನೆಗೆ ಮೂರು ಕೋಣೆ, ಒಂದು ಹಿತ್ತಿಲು, ಒಂದು ಬಾವಿ ಸೇರಿಕೊಂಡಿವೆ. ನನ್ನದೂ ಅಷ್ಟೇ. ಧಾರವಾಡದ ನಮ್ಮ ಬಾಡಿಗೆ ಮನೆಯ ಮುಂದೆ ಬೇವಿನಮರ ಇತ್ತೆಂದು ನಾನು ಬರೆದಿದ್ದೇನೆ. ಅಣ್ಣನ ಪ್ರಕಾರ ಅದು ಎದುರು ಮನೆಯವರದು.

ಆಮೇಲೆ ನಾನು ನೀರಿನ ದೃಶ್ಯಕ್ಕೆ ಬಂದೆ. ನನ್ನ ವ್ಯಾಖ್ಯಾನವನ್ನೆಲ್ಲ ಹೇಳಿದೆ. ನಮ್ಮಲ್ಲಿ ಹೆಣ ಹೋದ ಮೇಲೆ ಹೊಸ್ತಿಲು ತೊಳೆಯುವುದು, ಬದುಕಿರುವವರಿಗೆ ಎಳ್ಳುನೀರು ಬಿಡುವುದು, ಆ ತಾಯಿಯ ಸಿಟ್ಟು. ಅವರು ಲೋಟವನ್ನು ತಟ್ಟೆಯ ಮೇಲಿಟ್ಟು ಪೂರ್ತಿ ಕೇಳಿದರು. ದಿನಚರಿಯಲ್ಲಿ ಅವರು ಜೋರಾಗಿ ನಕ್ಕರು ಎಂದಿದೆ. ನನಗೆ ಈಗ ನೆನಪಿರುವುದು ಮಾತ್ರ ಅವರು ನಗದೆ ಚಹಾದಲ್ಲಿ ಚಮಚ ತಿರುಗಿಸಿದ್ದು.

"ಮಗ ಸತ್ತಹಾಗೇ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದಿರಾ?" ಎಂದು ಕೇಳಿದರು.

ಹೌದೆಂದೆ.

"ಯಾರಾದರೂ ಅತ್ತರಾ?"

ಒಬ್ಬರು ಅತ್ತರು ಎಂದೆ.

"ಒಳ್ಳೆಯದು. ಪುಸ್ತಕಕ್ಕೆ ಕೊಟ್ಟ ದುಡ್ಡು ದಂಡ ಆಗಲಿಲ್ಲ."

ವಿಷಯ ಹೇಳಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅವರ ಕಡೆ ಪ್ರಯಾಣ ಹೊರಟವರ ಹಿಂದೆ ನೀರು ಚೆಲ್ಲುತ್ತಾರೆ, ಅವರು ಸುಖವಾಗಿ ಹೋಗಿ ಸುಖವಾಗಿ ವಾಪಸು ಬರಲಿ ಎಂದು. ನೀರು ಹರಿದಂತೆ ದಾರಿ ಸಲೀಸಾಗಲಿ ಎಂದು. ಶಾಲೆಯ ಪರೀಕ್ಷೆಗೆ ಹೋಗುವ ಮಕ್ಕಳ ಹಿಂದೆಯೂ ಚೆಲ್ಲುವ ತಾಯಂದಿರಿದ್ದಾರೆ. ಕಾದಂಬರಿಯ ಆ ತಾಯಿ ಮಗನನ್ನು ಕಡಿದು ಹಾಕಿರಲಿಲ್ಲ. ವಾಪಸು ಬಾ ಎಂದಿದ್ದಳು. ಸಂಜೆ ಕಿಟಕಿಯಲ್ಲಿ ಕೂತದ್ದು ಕಾಯುವುದಕ್ಕೆ. ಇಡೀ ಇರಾಕಿಗೆ ಗೊತ್ತಿರುವ ಸಂಗತಿ ಎಂದೇ ಲೇಖಕರು ಅದನ್ನು ಬಿಡಿಸಿ ಹೇಳಿರಲಿಲ್ಲ.

ಮುಸಫಾದಲ್ಲಿ ನಾವು ನಮ್ಮದೇ ಅನಿಸುತ್ತದೆ ಎಂದು ಒಕ್ಕೊರಲಿನಿಂದ ಹೇಳಿದ್ದು ಸರಿಯಾಗಿಯೇ ಇತ್ತು. ಅದು ನಮ್ಮದೇ ಆಗಿತ್ತು, ಅವರದಾಗಿರಲಿಲ್ಲ.

ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಅವರು ಇನ್ನೊಂದು ಲೋಟ ಚಹಾ ಹಾಕಿದರು. ಸಭೆಗೆ ಬರುವುದಿಲ್ಲ ಎಂದರು. ಬಂದು ಏನು ಹೇಳಲಿ, ಟ್ಯಾಂಕಿನ ಕಥೆಯೇ? ಅಲ್ಲದೆ ಆ ಹೊತ್ತಿಗೆ ತಾವು ಇಲ್ಲಿರುವುದಿಲ್ಲ ಎಂದರು. ಮಗ ಎರಡು ವರ್ಷದ ಹಿಂದೆ ಸ್ವೀಡನ್ನಿಗೆ ಕೆಲಸಕ್ಕೆ ಹೋಗಿದ್ದ. ಈಗ ಅವರ ಕಾಗದಪತ್ರ ಆಗಿತ್ತು. ಮುಂದಿನ ತಿಂಗಳು ಹೊರಡಬೇಕು, ಈ ಮನೆ ಖಾಲಿ.

ಎಲ್ಲರೂ ಒಂದಲ್ಲ ಒಂದು ದಿನ ಖಾಲಿ ಮಾಡುವ ಊರು ಇದು. ಅಲ್ಲಿ ಬಹಳ ಚಳಿಯಂತೆ ಎಂದೆ. ಅವರು ಬೇರೆ ಏನನ್ನೋ ಹೇಳತೊಡಗಿದರು.

ಬಗ್ದಾದು ಬಿಟ್ಟ ದಿನ ಮನೆಯಲ್ಲಿದ್ದವರೆಲ್ಲ ಒಟ್ಟಿಗೇ ಹೊರಟರಂತೆ. ಗಂಡ, ಮಗ, ಅತ್ತೆ, ನಾದಿನಿ, ಎಲ್ಲರೂ ಒಂದೇ ದೊಡ್ಡ ಜೀಪಿನಲ್ಲಿ. ಮೇಲಿನ ಮನೆಯವರು ಆಗಲೇ ಹೋಗಿದ್ದರು, ಗಲಭೆಯ ಭಯಕ್ಕೆ ಕೆಳಗಿನ ಮನೆಯವರು ಯಾರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಹಿಂದೆ ನೀರು ಚೆಲ್ಲಲು ಯಾರೂ ಉಳಿದಿರಲಿಲ್ಲ. ಜೀಪು ತಿರುವಿಗೆ ಬಂದಾಗ ಅವರ ಅತ್ತೆ ಇದನ್ನು ನೆನೆಸಿಕೊಂಡು ಗಾಡಿ ನಿಲ್ಲಿಸಲು ಹೇಳಿದರಂತೆ. ತಾವು ಇಳಿದು ನೀರು ಚೆಲ್ಲಿ ಮತ್ತೆ ಹತ್ತುತ್ತೇನೆ ಎಂದರಂತೆ. ಹೋಗುವವರೇ ತಮ್ಮ ಹಿಂದೆ ನೀರು ಹಾಕಿಕೊಂಡರೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಾದಿನಿ ವಾದಿಸಿದಳು. ಆ ವಾದ ಮುಗಿಯುವಷ್ಟರಲ್ಲಿ ಜೀಪು ಊರು ದಾಟಿತ್ತು.

"ಅವತ್ತು ಆ ಜೀಪಿನಲ್ಲಿದ್ದವರು ಯಾರೂ ವಾಪಸು ಹೋಗಲಿಲ್ಲ," ಎಂದರು. ಆಮೇಲೆ ಅದನ್ನು ತಮಾಷೆ ಮಾಡಲು, "ನಾನು ಬ್ಯಾಂಕಿನವಳು, ಇಂಥದ್ದನ್ನೆಲ್ಲ ನಂಬೋದಿಲ್ಲ," ಎಂದು ಸೇರಿಸಿದರು. ಲೋಟ ಕೆಳಗಿಟ್ಟು, ಈ ಸಲ ನಿನ್ನ ಅತ್ತೆ ನೀರು ಹಾಕಬೇಕು, ನೀನು ಅವರಿಗೆ ಹೇಳು ಎಂದರು.

ನಾನು ಹಾಕಬಹುದಲ್ಲ ಎಂದೆ. ಹಿರಿಯರಾಗಬೇಕಂತೆ, ಮತ್ತು ಮನೆಯಲ್ಲೇ ಉಳಿಯುವವರಾಗಬೇಕಂತೆ. ನಾನು ಯೋಚಿಸಿದೆ. ಅತ್ತೆಯ ವೀಸಾ ವರ್ಷಕ್ಕೊಮ್ಮೆ ನವೀಕರಿಸಬೇಕು, ನಮ್ಮ ಬಾಡಿಗೆ ಕರಾರೂ ಅಷ್ಟೇ. ಆ ಮಹಡಿಯಲ್ಲಿ ಉಳಿದದ್ದು ಮೂಲೆಯ ಬ್ಯಾಚುಲರ್ ಹುಡುಗರ ಫ್ಲ್ಯಾಟು, ಅಲ್ಲಿ ತಿಂಗಳಿಗೊಂದು ಮುಖ. ಇದ್ದವರಲ್ಲಿ ಉಳಿಯುವವರು ಎಂದರೆ ನನ್ನ ಅತ್ತೆಯೇ. ಅಲ್ಲ, ವಾಪಸು ಬರುವುದು ಎಲ್ಲಿಗೆ, ಈ ದುಬೈಗಾ ಎಂದು ಕೇಳಿದೆ. ಅವರು ಭುಜ ಕುಣಿಸಿದರು. ಎಲ್ಲಿಗಾದರೂ ವಾಪಸು ಬರಬೇಕಲ್ಲ, ಇಲ್ಲಿ ಕನಿಷ್ಠ ಸೂಪರ್‌ಮಾರ್ಕೆಟ್ಟಿನವನಿಗೆ ನನ್ನ ಚಹಾಪುಡಿ ಯಾವುದೆಂದು ಗೊತ್ತಿದೆ ಎಂದರು.

ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು. ಗೆಳತಿ ಹೊರಡುವ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು. ನನಗಿಂತ ಒಂದು ವಾರ ಮೊದಲೇ ಗೊತ್ತಾಗಿದ್ದನ್ನು ನನಗೆ ಹೇಳಿರಲಿಲ್ಲ. ನೀರಿನ ಮಾತು ಕೇಳಿದ್ದೇ ಕೈ ನಿಂತಿತು.

"ಏನಂದಿ? ನಾ ಅಕಿ ಬೆನ್ನ ಹಿಂದ ನೀರ ಸುರುವಬೇಕಾ?"

ಅವರ ಕಡೆ ಅದು ಒಳ್ಳೆಯದಕ್ಕೆ ಮಾಡುವುದು, ವಾಪಸು ಬರಲಿ ಅಂತ ಎಂದು ವಿವರಿಸಿದೆ.

"ಅವರ ಕಡೆ ಏನರ ಇರಲಿ. ನಿಮ್ಮ ಮಾವ್ನ ಎತ್ತಿದ ಮ್ಯಾಲೆ ಆ ಹೊಸ್ತಿಲಕ್ಕ ನೀರ ಹಾಕಿದ್ದು ನಾನ. ಆ ಕೈಲೆ ಜೀವಂತ ಇದ್ದಾಕಿ ಹಿಂದ ಹಾಕಂತಿ? ಊರಿಗೆ ಹೋದವರ ಹಿಂದ ಕಸಾ ಸೈತ ಹೊಡಿಯಂಗಿಲ್ಲ ನಾವು. ಅಕಿ ನನ್ನ ಗೆಳತಿ ಅದಾಳ, ವೈರಿ ಅಲ್ಲ."

ಇಬ್ಬರೂ ಒಂದೇ ಕಾರಣಕ್ಕೆ ಎದುರುಬದುರು ನಿಂತಿದ್ದರು. ನೀರು ಬಿದ್ದರೆ ತಾನು ವಾಪಸು ಬರುತ್ತೇನೆ ಎಂದು ಅವರು. ಬಿದ್ದರೆ ಎಂದಿಗೂ ಬರುವುದಿಲ್ಲ ಎಂದು ಇವರು. ನಡುವೆ ನಾನು, ಸಂಸ್ಕೃತಿಗಳ ಸಾಮ್ಯದ ಬಗ್ಗೆ ಭಾಷಣ ಮಾಡಿ ಬಂದವಳು. ಸ್ಕೂಲಿನಿಂದ ಬಂದ ಮಗಳು ಎಲ್ಲ ಕೇಳಿಸಿಕೊಂಡು, "ಅಜ್ಜಿ, ಇಟ್ಸ್ ಜಸ್ಟ್ ವಾಟರ್," ಎಂದಳು. ಅತ್ತೆ ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ.

ಬಳಗಕ್ಕೆ ನಾನು ತಿದ್ದುಪಡಿ ಕಳಿಸಿದೆ. ಗ್ರೂಪಿನಲ್ಲಿ ಉದ್ದದ ಮೆಸೇಜು ಹಾಕಿ, ನೀರಿನ ನಿಜವಾದ ಅರ್ಥ ಹೀಗೆ ಎಂದೆ. ಯಾರಿಗೂ ಹಿಡಿಸಲಿಲ್ಲ. ದಂತವೈದ್ಯೆ, "ಅದು ಅವರ ಅರ್ಥ ಮಾರ್ರೆ, ಓದುವವರದ್ದೂ ಒಂದು ಅರ್ಥ ಉಂಟಲ್ಲ," ಎಂದು ಬರೆದರು. ಅಳುವುದನ್ನು ವಾಪಸು ತೆಗೆದುಕೊಳ್ಳುವುದು ಅವರಿಗೆ ಕಷ್ಟವಾಗಿರಬೇಕು. ಎಂಜಿನಿಯರರಿಗೆ ನನ್ನ ಮೊದಲಿನ ವ್ಯಾಖ್ಯಾನವೇ ಹೆಚ್ಚು ಸಾಹಿತ್ಯಿಕವಾಗಿತ್ತಂತೆ. ಮೈಸೂರಿನವರು ಒಂದು ಹೆಬ್ಬೆರಳಿನ ಎಮೋಜಿ ಹಾಕಿ, ಹೊರಡುವ ದಿನ ನಾವೆಲ್ಲ ಬಂದು ನೋಡಬಹುದಾ, ಒಳ್ಳೇ ಅನುಭವ ಆಗುತ್ತದೆ ಎಂದು ಕೇಳಿದರು. ಬೇಡ ಎಂದು ನಾನು ಸಭ್ಯವಾಗಿ ಬರೆದೆ. ಸಭ್ಯವಾಗಿತ್ತೆಂದು ನನ್ನ ಅಭಿಪ್ರಾಯ.

ಆ ತಿಂಗಳು ಇಬ್ಬರೂ ಸಿನಿಮಾ ನೋಡುವುದನ್ನು ಬಿಡಲಿಲ್ಲ. ಆದರೆ ಜಾಹೀರಾತು ಬಂದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು, ಮಾತಿಗೆ ಅವಕಾಶ ಸಿಗದಿರಲಿ ಎಂದು. ಅವರೂ ಮತ್ತೆ ಕೇಳಲಿಲ್ಲ. ಒಂದು ದಿನ ಮಾತ್ರ ಲಿಫ್ಟಿನ ಹತ್ತಿರ ಸಿಕ್ಕಾಗ, ನಿನ್ನ ಅತ್ತೆಗೆ ನನ್ನ ಮೇಲೆ ಸಿಟ್ಟಾ ಎಂದರು. ನಾನು ಹೊಸ್ತಿಲಿನ ವಿಷಯ, ನಮ್ಮ ಮಾವನ ವಿಷಯ ಹೇಳಿದೆ. ಅವರು ಲಿಫ್ಟು ಬಂದು ಹೋದರೂ ಹತ್ತದೆ ನಿಂತರು. ಹಾಗಾದರೆ ಬೇಡ ಎಂದು ಹೇಳು ಎಂದರು. ಗಂಡನಿಗೆ ಹಾಕಿದ ಕೈಯಿಂದ ಬೇಡ. ಆಮೇಲೆ, ಸ್ವೀಡನ್ನಿನಲ್ಲಿ ಹೇಗೂ ಎಲ್ಲಾ ಕಡೆ ನೀರೇ ಇದೆಯಂತೆ ಎಂದು ನಕ್ಕು ಮನೆಯ ಬಾಗಿಲು ತೆರೆದರು. ಒಳಗೆ ರಟ್ಟಿನ ಪೆಟ್ಟಿಗೆಗಳು ಕಾಣುತ್ತಿದ್ದವು.

ಅವರು ಬೇಡವೆಂದದ್ದನ್ನು ನಾನು ಅತ್ತೆಗೆ ಹೇಳಿದೆ. ನಿಟ್ಟುಸಿರು ಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಊಟ ಬಿಟ್ಟರು. "ಅಷ್ಟ ಹಂಬಲ ಮಾಡಿದಾಕಿ ಒಮ್ಮಿಗೇ ಬ್ಯಾಡ ಅಂದಳಾ," ಎಂದು ಎರಡು ಮೂರು ಸಲ ಕೇಳಿದರು.

ಹೊರಡುವ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ಮಗನನ್ನು ಕೇಳಿದರು. "ಹೊಸಾ ಗಾಡಿ ತಂದಾಗ ಗಾಲಿಗೆ ನೀರ ಹಾಕತೀವಲ್ಲೋ. ಅದೇನ್ ಹೆಣಕ್ಕ ಹಾಕೂದಲ್ಲಲಾ?"

ನನ್ನ ಗಂಡ ಫೋನಿನಿಂದ ತಲೆ ಎತ್ತದೆ ಅಲ್ಲ ಎಂದರು.

"ಹಂಗಾರ ಆತು. ಹೊಸ್ತಿಲಕ್ಕ ಹಾಕಂಗಿಲ್ಲ. ಗಾಲಿಗೆ ಹಾಕತೀನಿ. ಗಾಲಿಗೆ ಹಾಕಿದ್ರ ಅಪಶಕುನ ಅಲ್ಲ, ಪೂಜಾ."

ಈ ತರ್ಕ ಎಷ್ಟು ದಿನದಿಂದ ಒಳಗೇ ಕುದಿಯುತ್ತಿತ್ತೋ. ಗಾಡಿ ಹೊಸದಲ್ಲ, ಬಾಡಿಗೆ ಟ್ಯಾಕ್ಸಿ ಎಂದು ನಾನು ಹೇಳಲು ಹೋದೆ. ಗಂಡ ನನ್ನ ಕಡೆ ನೋಡಿ ಸುಮ್ಮನಿರು ಎಂದು ಕಣ್ಣು ಮಾಡಿದರು. ನಮ್ಮ ದಾಂಪತ್ಯದಲ್ಲಿ ಅವರ ಸಲಹೆ ಉಪಯೋಗಕ್ಕೆ ಬಂದ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಮಧ್ಯಾಹ್ನ ಟ್ಯಾಕ್ಸಿ ಬಂತು. ಜೂನ್ ತಿಂಗಳು, ಹೊರಗೆ ನಿಂತರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ. ಕಟ್ಟಡದ ಕಾವಲುಗಾರ, ಇಲ್ಲಿಯವರು ನಾತೂರ್ ಎನ್ನುವವನು, ಸೂಟ್‌ಕೇಸುಗಳನ್ನು ಹಿಂದೆ ತುಂಬಿದ. ಅವರು ನನ್ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅತ್ತೆ ಇರಲಿಲ್ಲ. ಅವರು ಲಿಫ್ಟಿನ ಕಡೆ ನೋಡಿದರು, ಮತ್ತೆ ಫೋನಿನಲ್ಲಿ ಹೊತ್ತು ನೋಡಿದರು, ಆಮೇಲೆ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಯಲ್ಲಾ, ನಡಿ ಎಂದು ಡ್ರೈವರನಿಗೆ ಹೇಳಿದ್ದು ನನಗೆ ಕೇಳಿಸಿತು. ಆ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಈ ದೇಶದಲ್ಲಿ ಬೇರೆಲ್ಲೂ ಕೇಳಿಲ್ಲ.

ಆಗ ಲಿಫ್ಟು ತೆರೆಯಿತು. ಅತ್ತೆ ಇಳಕಲ್ ಸೀರೆಯುಟ್ಟು, ಎರಡೂ ಕೈಯಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ಬಂದರು. ಸೀರೆ ಉಡುವುದಕ್ಕೆ ತಡವಾಗಿತ್ತು. ಯಾರ ಮುಖವನ್ನೂ ನೋಡದೆ ನೇರವಾಗಿ ಕಾರಿನ ಹಿಂಬದಿಗೆ ಹೋಗಿ, ಬಗ್ಗಿ, ಬಲಗಡೆಯ ಗಾಲಿಗೆ ಅರ್ಧ ತಂಬಿಗೆ ನೀರು ಹಾಕಿದರು. ಕನ್ನಡಿಯಲ್ಲಿ ನೋಡುತ್ತಿದ್ದ ಡ್ರೈವರ್, ಪೇಶಾವರದ ಕಡೆಯವನು, ಗಾಬರಿಯಾಗಿ ಇಳಿದು ಬಂದ. ರಸ್ತೆಯಲ್ಲಿ ಗಾಡಿ ತೊಳೆದರೆ ಇಲ್ಲಿ ದಂಡ.

"ಮಾಜೀ, ಗಾಡಿ ಮತ್ ಧೋಯಿಯೇ, ಮುಖಾಲಫಾ ಆಯೇಗಾ."

"ಚುಪ್ ಬೈಠೋ ರೇ," ಎಂದು ಅತ್ತೆ ಹುಬ್ಬಳ್ಳಿ ಹಿಂದಿಯಲ್ಲಿ ಹೇಳಿ ಎಡಗಡೆಯ ಗಾಲಿಗೂ ಹಾಕಿದರು. ಅವನು ಕೂತ.

ಹಿಂದಿನ ಸೀಟಿನಲ್ಲಿದ್ದವರು ತಿರುಗಿ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಜಿಗೆ ಕಪ್ಪು ಹಾಳೆ ಅಂಟಿಸಿತ್ತು. ತಿರುಗಿದರು, ಕೈ ಎತ್ತಿದರು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಕಾರು ಹೊರಟಿತು, ಸೂಪರ್‌ಮಾರ್ಕೆಟ್ಟಿನ ಮುಂದೆ ಒಂದು ಕ್ಷಣ ನಿಂತು, ಸಿಗ್ನಲ್ ಕಡೆ ತಿರುಗಿತು. ಒದ್ದೆ ಗಾಲಿ ಎಳೆದ ಎರಡು ಗೆರೆಗಳು ಒಂದಷ್ಟು ದೂರ ಕಾಣುತ್ತಿದ್ದವು.

ನಾನು ಅತ್ತೆಯ ಮೊಣಕೈ ಹಿಡಿದು ಒಳಗೆ ಹೋಗೋಣ, ಬಿಸಿಲು ಎಂದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. ಆ ಬಿಸಿಲಿಗೆ ಗೆರೆಗಳು ನಮ್ಮ ಕಣ್ಣೆದುರೇ ತುದಿಯಿಂದ ಆರತೊಡಗಿದ್ದವು. ಟ್ಯಾಕ್ಸಿ ನಿಂತಿದ್ದ ಜಾಗದಲ್ಲಿ ಅಂಗೈಯಷ್ಟು ಒದ್ದೆ ಉಳಿದಿತ್ತು. ಅದೂ ಹೋಯಿತು.

"ಇಷ್ಟ ಲಗೂ ಆರಿದ್ರ ನಡಿಯತೈತೇನ?" ಎಂದು ಅತ್ತೆ ಕೇಳಿದರು.

ನನಗೆ ಹೇಗೆ ಗೊತ್ತಿರಬೇಕು. ಕೇಳಬಹುದಾಗಿದ್ದ ಒಬ್ಬರು ಆ ಕಾರಿನಲ್ಲಿದ್ದರು. ನಡೆಯುತ್ತದೆ, ಹಾಕಿದ್ದು ಮುಖ್ಯ ಎಂದೆ. ಅತ್ತೆ ಅದನ್ನು ನಂಬಲಿಲ್ಲ. ಪುಸ್ತಕ ಓದಿ ಹೇಳುವವರ ಮಾತನ್ನು ಅವರು ನಂಬುವುದನ್ನು ಆ ತಿಂಗಳೇ ಬಿಟ್ಟಿದ್ದರು. ಖಾಲಿ ತಂಬಿಗೆಯನ್ನು ನಾತೂರನ ಕೈಗೆ ಕೊಟ್ಟು, ಒಳಗಿನ ನಲ್ಲಿಯಿಂದ ತುಂಬಿಸಿ ತರಲು ಸನ್ನೆ ಮಾಡಿದರು. ಅವನು ನನ್ನ ಮುಖ ನೋಡಿದ. ನಾನು ಹೂಂ ಎಂದೆ.

ಈ ಸಲ ಗಾಲಿ ಇರಲಿಲ್ಲ. ಅತ್ತೆ ಮೆಟ್ಟಿಲಿನ ಮೇಲೆ, ನಮ್ಮ ಕಟ್ಟಡದ ಬಾಗಿಲಿನಲ್ಲೇ ನಿಂತರು. ಅದು ಹೊಸ್ತಿಲು ಎಂದು ನಾನು ನೆನಪಿಸಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದರು, ಮಾವನ ಹೆಸರು ಹೇಳಿದರೋ ದೇವರ ಹೆಸರೋ ಗೊತ್ತಾಗಲಿಲ್ಲ. ಆಮೇಲೆ ಕಾರು ಹೋದ ಕಡೆಗೆ ಇಡೀ ತಂಬಿಗೆಯನ್ನು ಚೆಲ್ಲಿದರು, ರಸ್ತೆಯವರೆಗೂ ಮುಟ್ಟುವಂತೆ, ತೋಳು ಬೀಸಿ.